ಕಪ್ಪು ಬಾವುಟ ಯಾರದು?

ಹೋದ ಬೇಸಿಗೆಯಲ್ಲಿ ನಮ್ಮ ತಂಗಿಯ ಮಗ ಬೆಂಗಳೂರಿನಿಂದ ಊರಿಗೆ ಬಂದಿದ್ದ. ಎಂಜಿನಿಯರಿಂಗ್ ಕೊನೆಯ ವರ್ಷ. ಮೈಮೇಲೆ ಕರಿ ಟೀ ಶರ್ಟು. ಎದೆಯ ಮೇಲೆ ನಾಲ್ಕು ಬಿಳಿ ಪಟ್ಟೆಗಳು, ಒಂದರ ಪಕ್ಕ ಒಂದು, ಸಾಲು ತಪ್ಪಿದ ಇಟ್ಟಿಗೆಗಳಂತೆ ಮೇಲೆ ಕೆಳಗೆ ಸರಿದು ನಿಂತಿದ್ದವು. ಅದರಡಿಯಲ್ಲಿ ಇಂಗ್ಲಿಷಿನಲ್ಲಿ ಎರಡೇ ಪದ: ಬ್ಲ್ಯಾಕ್ ಫ್ಲ್ಯಾಗ್. ಮರುದಿನ ಬೆಳಿಗ್ಗೆ ಆತ ಯಾವುದೋ ಇಂಟರ್‌ವ್ಯೂಗೆಂದು ರೈಲಿನಲ್ಲಿ ಮುಂಬೈಗೆ ಹೊರಡುವವನಿದ್ದ. ತಂಗಿ ಅಡುಗೆಮನೆಗೆ ನಮ್ಮನ್ನು ಕರೆದು, ‘ಭಾಯ್‌ಜಾನ್, ನೀವಾದರೂ ಹೇಳಿ. ಆ ಅಂಗಿ ತೊಟ್ಟು ರೈಲು ಹತ್ತುವುದು ಬೇಡ’ ಎಂದಳು. ಅವಳ ದನಿ ನಡುಗುತ್ತಿತ್ತು.

ಕನ್ನಡ ಪತ್ರಿಕೆಗಳನ್ನು ಓದಿ ಬೆಳೆದವರಿಗೆ ಕಪ್ಪು ಬಾವುಟವೆಂದರೆ ಮಂತ್ರಿಗಳ ಕಾರಿಗೆ ರೈತರು ತೋರಿಸುವಂಥದ್ದು. ಪೋಲೀಸರು ನಾಲ್ಕು ಜನರನ್ನು ವ್ಯಾನಿಗೆ ಹತ್ತಿಸಿ ಸಂಜೆಗೆ ಬಿಟ್ಟುಬಿಡುತ್ತಾರೆ. ಆದರೆ ಇಪ್ಪತ್ತೊಂದರ ಹರೆಯದ, ಗಡ್ಡ ಬಿಟ್ಟ ಮುಸ್ಲಿಂ ಹುಡುಗನ ಎದೆಯ ಮೇಲೆ ಈ ಎರಡು ಪದಗಳಿದ್ದರೆ ನೋಡಿದವರಿಗೆ ರೈತ ಸಂಘ ನೆನಪಾಗುವುದಿಲ್ಲ. ತಂಗಿ ಹೇಳದೆ ಬಿಟ್ಟದ್ದು ಇಷ್ಟೇ. ನಾವು ಕೇಳದೆಯೇ ತಿಳಿದದ್ದೂ ಇಷ್ಟೇ.

ನಾವು ಹುಡುಗನಿಗೆ ಹೇಳಿದೆವು. ಆತ ಜಗಳವಾಡಲಿಲ್ಲ. ‘ಮಾಮು, ಇದು ಅಮೆರಿಕದ ಒಂದು ಹಾಡಿನ ತಂಡ. ನಿಮಗಿಂತ ಹಳೆಯದು’ ಎಂದು ನಕ್ಕು, ಅಂಗಿ ಬದಲಿಸಿ, ಅದನ್ನು ಮಡಿಸಿ ಗೋದ್ರೆಜ್ ಬೀರುವಿನಲ್ಲಿಟ್ಟು ಹೋದ. ಹೋಗುವ ಮುಂಚೆ ನಮ್ಮ ಮೊಬೈಲಿಗೆ ಒಂದಷ್ಟು ಹಾಡು ತುಂಬಿಸಿ, ತಾನು ಓದಿದ ಒಂದು ಪುಸ್ತಕವನ್ನೂ ಮೇಜಿನ ಮೇಲಿಟ್ಟಿದ್ದ. ಆ ತಂಡದ ಗಾಯಕ ಹೆನ್ರಿ ರೋಲಿನ್ಸ್ ಬರೆದ ‘ಗೆಟ್ ಇನ್ ದ ವ್ಯಾನ್’ ಎಂಬ ತಿರುಗಾಟದ ದಿನಚರಿ, 1994ರಲ್ಲಿ ಬಂದದ್ದು. ಬೀರುವಿನ ಬಾಗಿಲು ತೆರೆದಾಗಲೆಲ್ಲ ಆ ನಾಲ್ಕು ಪಟ್ಟೆಗಳು ನಮ್ಮನ್ನು ನೋಡತೊಡಗಿದವು. ಹೆದರಿದ್ದಕ್ಕೆ ದಂಡವೆಂಬಂತೆ ಓದಲು ಕುಳಿತೆವು.

ಇಲ್ಲಿ ಒಂದು ಮಾತು. ಓದುಗರು ಗಮನಿಸಿರಬಹುದು, ನಾವು ಒಬ್ಬರೇ ಇದ್ದರೂ ‘ನಾವು’ ಎನ್ನುತ್ತೇವೆ. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಕಲಿತ ‘ಹಮ್’ ನಾಲಗೆಗೆ ಅಂಟಿಕೊಂಡಿತು. ಮುಂದೆ ಕನ್ನಡ ಹೈಸ್ಕೂಲಿಗೆ ಹೋದಾಗ ಮೇಷ್ಟ್ರು, ‘ಏನಯ್ಯಾ, ನಿನ್ನ ಜತೆ ಇನ್ನೆಷ್ಟು ಜನ ಇದ್ದಾರೆ?’ ಎಂದು ಕೇಳಿ ತರಗತಿಯನ್ನೆಲ್ಲ ನಗಿಸಿದ್ದರು. ಈ ತಂಡದ ಕತೆ ಓದುತ್ತಾ ಹೋದಂತೆ ಆ ಪ್ರಶ್ನೆ ಮತ್ತೆ ಮತ್ತೆ ನೆನಪಾಯಿತು.

ಮೊದಲು ಹಾಡಿನ ವಿಷಯ. ಖವಾಲಿ, ಗಜಲ್ ಮತ್ತು ರೇಡಿಯೋದ ಹಳೆಯ ಚಿತ್ರಗೀತೆಗಳಲ್ಲಿ ಪಳಗಿದ ಕಿವಿ ನಮ್ಮದು. ಮೊದಲ ಹಾಡು ಹಾಕಿದಾಗ ಮಿಕ್ಸಿಗೆ ಯಾರೋ ಬೆಣಚುಕಲ್ಲು ಹಾಕಿದಂತಾಯಿತು. ಅರ್ಥವಾಗುವ ಮೊದಲೇ ಹಾಡು ಮುಗಿದೂ ಹೋಯಿತು. ಹಾರ್ಡ್‌ಕೋರ್ ಎಂಬ ಈ ಪ್ರಕಾರದ ಲಕ್ಷಣವೇ ಅದು. ಎಪ್ಪತ್ತರ ದಶಕದ ಪಂಕ್ ಸಂಗೀತವನ್ನು ಇನ್ನಷ್ಟು ವೇಗ, ಇನ್ನಷ್ಟು ಗದ್ದಲ, ಇನ್ನಷ್ಟು ಸಿಟ್ಟಿನಿಂದ ಹಿಂಡಿ ಒಂದೆರಡು ನಿಮಿಷಕ್ಕಿಳಿಸುವುದು. ನಾಲ್ಕಾರು ಸಲ ಕೇಳಿದ ಮೇಲೆ ಒಂದು ಸಂಗತಿ ಹೊಳೆಯಿತು. ಅದು ಕೂಗಾಟವಲ್ಲ. ಮನೆಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ಯಾರೂ ಕಿವಿಗೊಡದ ಹುಡುಗನೊಬ್ಬ ತನ್ನ ತಲೆಯೊಳಗಿನ ಒತ್ತಡವನ್ನು ಹೇಳಿಕೊಳ್ಳುವ ಬಗೆ.

ತಂಡ ಹುಟ್ಟಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚ್ ಎಂಬ ಕಡಲ ತಡಿಯ ಊರಿನಲ್ಲಿ. ಕಟ್ಟಿದವನು ಗ್ರೆಗ್ ಗಿನ್. ಮಾತು ಕಡಿಮೆ, ಹಟ ಹೆಚ್ಚು. ಹನ್ನೆರಡನೆಯ ವಯಸ್ಸಿಗೇ ಹವ್ಯಾಸಿ ರೇಡಿಯೋದವರಿಗೆ ಬೇಕಾದ ಬಿಡಿಭಾಗಗಳನ್ನು ಅಂಚೆಯಲ್ಲಿ ಮಾರುವ ‘ಸಾಲಿಡ್ ಸ್ಟೇಟ್ ಟ್ರಾನ್ಸ್‌ಮಿಟರ್ಸ್’ ಎಂಬ ಪುಟ್ಟ ವ್ಯವಹಾರ ಆರಂಭಿಸಿದ್ದ. ಮುಂದೆ ಇದೇ ಹೆಸರಿನ ಮೂರು ಅಕ್ಷರ ಉಳಿಸಿಕೊಂಡು ಎಸ್‌ಎಸ್‌ಟಿ ಎಂಬ ಧ್ವನಿಮುದ್ರಣ ಸಂಸ್ಥೆ ಮಾಡಿದ. ದೊಡ್ಡ ಕಂಪನಿಗಳ ಬಾಗಿಲು ಕಾಯದೆ ತಮ್ಮ ರೆಕಾರ್ಡನ್ನು ತಾವೇ ಅಚ್ಚು ಹಾಕಿಸಿ, ತಮ್ಮ ಪೋಸ್ಟರನ್ನು ತಾವೇ ಅಂಟಿಸಿ, ವ್ಯಾನಿನಲ್ಲಿ ಊರೂರು ಸುತ್ತುವ ದಾರಿಯನ್ನು ಆಮೇಲಿನವರಿಗೆ ತೋರಿಸಿದವರಲ್ಲಿ ಈ ತಂಡ ಮೊದಲ ಸಾಲಿನದು.

ತಂಡದ ಮೊದಲ ಹೆಸರು ಪ್ಯಾನಿಕ್. ಅದೇ ಹೆಸರಿನ ಬೇರೊಂದು ತಂಡವಿದೆಯೆಂದು ತಿಳಿದ ಮೇಲೆ 1978ರಲ್ಲಿ ಹೊಸ ಹೆಸರು ಬೇಕಾಯಿತು. ‘ಬ್ಲ್ಯಾಕ್ ಫ್ಲ್ಯಾಗ್’ ಎಂದು ಸೂಚಿಸಿದವನು ಗಿನ್‌ನ ತಮ್ಮ ರೇಮಂಡ್ ಪೆಟಿಬಾನ್. ಬಿಳಿ ಬಾವುಟ ಶರಣಾಗತಿಯಾದರೆ ಕರಿಯದು ಶರಣಾಗದವರದು ಎಂಬುದು ಅದರ ತರ್ಕ. ಅಮೆರಿಕದಲ್ಲಿ ಅದೇ ಹೆಸರಿನ ತಿಗಣೆ ಜಿರಳೆಗಳ ಔಷಧಿಯೂ ಇತ್ತು! ನಾಲ್ಕು ಪಟ್ಟೆಗಳನ್ನು ಬರೆದವನೂ ಆತನೇ. ಸಾಲು ತಪ್ಪಿದ ಇಟ್ಟಿಗೆಗಳೆಂದು ನಾವು ತಿಳಿದದ್ದು ಗಾಳಿಗೆ ಅಲುಗುವ ಬಾವುಟವಂತೆ. ಅದನ್ನು ತಿಳಿದ ಮೇಲೆ ಬೀರು ತೆರೆದು ಇನ್ನೊಮ್ಮೆ ನೋಡಿದೆವು. ಹೌದು, ಅಲುಗುತ್ತಿತ್ತು.

ಮೊದಲ ಗಾಯಕ ಕೀತ್ ಮಾರಿಸ್. 1979ರ ಜುಲೈನಲ್ಲಿ ಮ್ಯಾನ್‌ಹ್ಯಾಟನ್ ಬೀಚಿನ ಒಂದು ಉದ್ಯಾನದಲ್ಲಿ, ಮಕ್ಕಳು ಮರಿಗಳೊಂದಿಗೆ ಬುತ್ತಿ ಬಿಚ್ಚಿ ಕುಳಿತಿದ್ದ ಕುಟುಂಬಗಳ ಮುಂದೆ ಇವರು ಹಾಡಲು ನಿಂತರು. ತಾವು ಮೃದು ಸಂಗೀತದವರೆಂದು ಅಧಿಕಾರಿಗಳನ್ನು ನಂಬಿಸಿ ಅನುಮತಿ ಪಡೆದಿದ್ದರೆಂಬ ಕತೆ ಪ್ರಸಿದ್ಧವಾಗಿದೆ. ಹಾಡು ಶುರುವಾದದ್ದೇ ತಡ, ಬುತ್ತಿಯಲ್ಲಿದ್ದ ಹಣ್ಣು ತಿಂಡಿಗಳೆಲ್ಲ ವೇದಿಕೆಗೆ ತೂರಿ ಬಂದವು. ಆ ವರ್ಷದ ಕೊನೆಗೆ ಮಾರಿಸ್ ತಂಡ ಬಿಟ್ಟು ‘ಸರ್ಕಲ್ ಜರ್ಕ್ಸ್’ ಎಂಬ ತನ್ನದೇ ತಂಡ ಕಟ್ಟಿಕೊಂಡ.

ಎರಡನೆಯವನು ರಾನ್ ರೇಯೆಸ್. 1980ರಲ್ಲಿ ಒಂದು ಕಾರ್ಯಕ್ರಮದ ನಡುವೆಯೇ ಪ್ರೇಕ್ಷಕರ ಹೊಡೆದಾಟಕ್ಕೆ ಬೇಸತ್ತು ಮೈಕು ಬಿಟ್ಟು ಇಳಿದು ಹೋದ. ಉಳಿದವರು ಒಂದೇ ಹಾಡನ್ನು ಎಳೆದೆಳೆದು ನುಡಿಸಿದರು, ಸಭಿಕರು ಒಬ್ಬೊಬ್ಬರಾಗಿ ಹತ್ತಿ ಹಾಡಿದರು. ಆತ ಹಾಡಿದ್ದ ರೆಕಾರ್ಡು ಆಮೇಲೆ ಬಂದಾಗ ಹೊದಿಕೆಯ ಮೇಲೆ ಆತನ ಹೆಸರಿರಲಿಲ್ಲ. ಅದರ ಬದಲು ಕೊಳಕು ಬೈಗುಳವೊಂದನ್ನು ಹೆಸರಿನಂತೆ ಅಚ್ಚು ಹಾಕಿಸಿದ್ದರು. ಹೊರಟು ಹೋದವನ ದನಿ ಬೇಕು, ಹೆಸರು ಬೇಡ.

ಮೂರನೆಯವನು ಡೆಜ್ ಕಡೇನಾ, ಜಾಜ್ ಸಂಗೀತದ ನಿರ್ಮಾಪಕರೊಬ್ಬರ ಮಗ. ಒಂದೇ ವರ್ಷದಲ್ಲಿ ಗಂಟಲು ಸೋತು ಗಿಟಾರಿಗೆ ಸರಿದ. ನಾಲ್ಕನೆಯವನು ನಮ್ಮ ಪುಸ್ತಕದ ರೋಲಿನ್ಸ್. ವಾಷಿಂಗ್ಟನ್ನಿನ ಐಸ್‌ಕ್ರೀಮ್ ಅಂಗಡಿಯೊಂದನ್ನು ನೋಡಿಕೊಳ್ಳುತ್ತಿದ್ದ ಇಪ್ಪತ್ತರ ಹುಡುಗ. 1981ರಲ್ಲಿ ನ್ಯೂಯಾರ್ಕಿನಲ್ಲಿ ಇವರ ಕಾರ್ಯಕ್ರಮ ಕೇಳಲು ಹೋದವನು ವೇದಿಕೆ ಹತ್ತಿ ಒಂದು ಹಾಡು ಹಾಡಿದ. ಕೆಲವೇ ದಿನಗಳಲ್ಲಿ ಕರೆ ಬಂತು. ಅಂಗಡಿಯ ಕೆಲಸ ಬಿಟ್ಟು ವ್ಯಾನು ಹತ್ತಿದ.

ಆ ವರ್ಷದ ಕೊನೆಗೆ ಬಂದ ‘ಡ್ಯಾಮೇಜ್ಡ್’ ಅವರ ಮೊದಲ ಪೂರ್ಣ ಪ್ರಮಾಣದ ರೆಕಾರ್ಡು. ಇದರ ಹಂಚಿಕೆಗೆ ಯೂನಿಕಾರ್ನ್ ಎಂಬ ಕಂಪನಿಯೊಂದಿಗೆ, ಅದರ ಮೂಲಕ ಎಂಸಿಎ ಎಂಬ ದೊಡ್ಡ ಕಂಪನಿಯೊಂದಿಗೆ ಒಪ್ಪಂದವಾಗಿತ್ತು. ಎಂಸಿಎಯ ಅಧಿಕಾರಿ, ತಾನೂ ಒಬ್ಬ ತಂದೆ, ಇದು ತಂದೆತಾಯಿಯರಿಗೆ ವಿರುದ್ಧವಾದ ರೆಕಾರ್ಡು ಎಂದು ಕೈಬಿಟ್ಟರು. ತಂಡದವರು ಆ ಮಾತನ್ನೇ ಚೀಟಿಯಾಗಿ ಅಚ್ಚು ಹಾಕಿಸಿ ಕಂಪನಿಯ ಗುರುತಿನ ಮೇಲೆ ಅಂಟಿಸಿ ಮಾರಿದರು! ಆದರೆ ನಗು ಬೇಗ ಆರಿತು. ಯೂನಿಕಾರ್ನ್ ಜತೆಗಿನ ವ್ಯಾಜ್ಯದಲ್ಲಿ, ‘ಬ್ಲ್ಯಾಕ್ ಫ್ಲ್ಯಾಗ್’ ಎಂಬ ಹೆಸರಿನಲ್ಲಿ ಏನನ್ನೂ ಹೊರತರಕೂಡದೆಂದು ಕೋರ್ಟು ತಡೆಯಿತು. ಆಗ ಅವರು ಹಳೆಯ ಧ್ವನಿಮುದ್ರಣಗಳನ್ನು ಕೂಡಿಸಿ ‘ಎವ್ರಿಥಿಂಗ್ ವೆಂಟ್ ಬ್ಲ್ಯಾಕ್’ ಎಂದು ಹೊರತಂದರು. ಹೊದಿಕೆಯ ಮೇಲೆ ತಂಡದ ಹೆಸರಿಲ್ಲ, ಹಾಡಿದವರ, ನುಡಿಸಿದವರ ಹೆಸರುಗಳಷ್ಟೇ. ಮಾರಿಸ್, ರೇಯೆಸ್, ಕಡೇನಾ, ಈ ಮೂವರು ಹಳೆಯ ಗಾಯಕರ ದನಿಗಳೂ ಒಂದೇ ಕಡೆ. ಕೋರ್ಟು ಇದನ್ನೂ ಆಜ್ಞೋಲ್ಲಂಘನೆಯೆಂದು ಬಗೆಯಿತು. 1983ರಲ್ಲಿ ಗಿನ್ ಮತ್ತು ಬಾಸ್ ಗಿಟಾರಿನ ಚಕ್ ಡುಕೌಸ್ಕಿ ಐದು ದಿನ ಜೈಲಿನಲ್ಲಿದ್ದರು. ಯೂನಿಕಾರ್ನ್ ದಿವಾಳಿಯಾದ ಮೇಲೆಯೇ ಹೆಸರು ಮರಳಿ ಸಿಕ್ಕಿತು.

ನಮಗೆ ಈ ಭಾಗದಲ್ಲೇ ಪುಸ್ತಕ ಮುಚ್ಚಿ ಅಂಗಳದಲ್ಲಿ ಸ್ವಲ್ಪ ಅಡ್ಡಾಡಬೇಕೆನಿಸಿತು. ಹೆಸರೇ ಇಲ್ಲದಾಗ ಆ ತಂಡ ತನ್ನ ಜನರ ಹೆಸರುಗಳನ್ನೆಲ್ಲ ಹೇಳಿಕೊಂಡಿತ್ತು. ಹೆಸರು ಮರಳಿ ಬಂದ ಹೊತ್ತಿಗೆ ಜನ ಹೋಗತೊಡಗಿದ್ದರು.

ಕೊಲಂಬಿಯಾ ದೇಶದಲ್ಲಿ ಹುಟ್ಟಿದ ಡ್ರಮ್ಮರ್ ರೋಬೋ 1981ರ ಕೊನೆಯಲ್ಲಿ ಇಂಗ್ಲೆಂಡಿಗೆ ಹೋದಾಗ ವೀಸಾ ತೊಡಕಿನಿಂದ ತಂಡದೊಂದಿಗೆ ಮರಳಲಾಗಲಿಲ್ಲ. ಆ ಜಾಗಕ್ಕೆ ಒಬ್ಬರಾದ ಮೇಲೊಬ್ಬರು ಬಂದು, ಕೊನೆಗೆ ಬಿಲ್ ಸ್ಟೀವನ್‌ಸನ್ ನಿಂತ. ಗಿನ್‌ನೊಂದಿಗೆ ಜೈಲಿಗೆ ಹೋದ ಡುಕೌಸ್ಕಿಯೇ ಅದೇ 1983ರಲ್ಲಿ ತಂಡದಿಂದ ಹೊರಬಿದ್ದ. ಆದರೂ ತಂಡದ ಕಾರ್ಯಕ್ರಮಗಳನ್ನು ಗೊತ್ತು ಮಾಡುವ ಕೆಲಸ ಮುಂದುವರಿಸಿದ. 1984ರಲ್ಲಿ ಬಂದ ‘ಮೈ ವಾರ್’ ರೆಕಾರ್ಡಿನ ಶೀರ್ಷಿಕೆಯ ಹಾಡನ್ನು ಬರೆದವನು ಡುಕೌಸ್ಕಿ, ನುಡಿಸಿದವರಲ್ಲಿ ಡುಕೌಸ್ಕಿ ಇಲ್ಲ. ಹಾಗಾದರೆ ಬಾಸ್ ನುಡಿಸಿದವರು ಯಾರು? ಹೊದಿಕೆಯ ಮೇಲೆ ಡೇಲ್ ನಿಕ್ಸನ್ ಎಂದಿದೆ. ಅಂಥವನೊಬ್ಬ ಇರಲೇ ಇಲ್ಲ. ಗಿನ್ ತಾನೇ ಆ ವಾದ್ಯವನ್ನೂ ನುಡಿಸಿ ಸುಳ್ಳು ಹೆಸರು ಹಾಕಿಕೊಂಡಿದ್ದ.

ಇದನ್ನು ಓದಿದಾಗ ನಮ್ಮ ಮುಖ ಬಿಸಿಯಾಯಿತು. ಕಾರಣ ಹೇಳುತ್ತೇವೆ.

ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ತಾಲೂಕು ಕೇಂದ್ರದಲ್ಲಿ ನಾಲ್ವರು ಗೆಳೆಯರು ಸೇರಿ ಒಂದು ಕಥಾ ಪತ್ರಿಕೆ ಹೊರಡಿಸುತ್ತಿದ್ದರು. ಕೈಬರಹ, ಜೆರಾಕ್ಸ್, ನೂರು ಪ್ರತಿ. ಆ ನಾಲ್ವರಲ್ಲಿ ನಾವೂ ಒಬ್ಬರು. ಹೆಸರು ಇಟ್ಟದ್ದು ನಾವಲ್ಲ, ಆದರೆ ಲೆಕ್ಕದ ಪುಸ್ತಕ, ಚಂದಾದಾರರ ಪಟ್ಟಿ, ಮೂಲಪ್ರತಿಗಳು ನಮ್ಮ ಮನೆಯಲ್ಲಿದ್ದವು. ಯಾವ ಕತೆ ಹಾಕಬೇಕು, ಯಾವುದು ಬೇಡವೆಂಬುದು ಕ್ರಮೇಣ ನಮ್ಮೊಬ್ಬರದೇ ಮಾತಾಯಿತು. ಮೊದಲು ಒಬ್ಬ ಬರುವುದು ಬಿಟ್ಟ, ಮತ್ತೊಬ್ಬ ಜಗಳವಾಡಿ ಹೋದ, ಮೂರನೆಯವನು ಏನೂ ಹೇಳದೆ ದೂರವಾದ. ನಾವು ಪತ್ರಿಕೆ ನಿಲ್ಲಿಸಲಿಲ್ಲ. ಇನ್ನೂ ಎರಡು ಸಂಚಿಕೆ ತಂದೆವು. ಮೂರು ಬೇರೆ ಬೇರೆ ಕಾವ್ಯನಾಮಗಳಲ್ಲಿ ನಾವೇ ಕತೆ ಬರೆದೆವು, ಓದುಗರ ಪತ್ರಗಳನ್ನೂ ನಾವೇ ಬರೆದೆವು. ಒಬ್ಬರೇ ಕುಳಿತು ನಾಲ್ವರಾದೆವು. ಹೈಸ್ಕೂಲಿನ ಮೇಷ್ಟ್ರು ಕೇಳಿದ್ದ ಪ್ರಶ್ನೆಗೆ ಆಗ ಉತ್ತರವಿರಲಿಲ್ಲ.

ಗಿನ್‌ನನ್ನು ಸುಲಭವಾಗಿ ಖಳನಾಯಕನೆನ್ನಲು ಆದ್ದರಿಂದಲೇ ನಮಗೆ ಮನಸ್ಸಾಗಲಿಲ್ಲ. ದಿನಕ್ಕೆ ಗಂಟೆಗಟ್ಟಲೆ ಅಭ್ಯಾಸ, ಹಸಿವು, ಆಫೀಸಿನ ನೆಲದ ಮೇಲೆ ನಿದ್ದೆ, ಲಾಸ್ ಏಂಜಲೀಸ್ ಪೋಲೀಸರ ಕಾಟ, ಇಷ್ಟನ್ನೂ ಎಲ್ಲರಿಗಿಂತ ಹೆಚ್ಚು ಕಾಲ ತಾಳಿದವನು ಆತನೇ. ‘ಮೈ ವಾರ್’ ರೆಕಾರ್ಡಿನ ಎರಡನೆಯ ಮಗ್ಗುಲಿನಲ್ಲಿ ಇರುವುದು ಮೂರೇ ಹಾಡು, ಒಂದೊಂದೂ ಆರು ನಿಮಿಷ ಮೀರಿದ್ದು, ಕೆಸರಿನಲ್ಲಿ ಗಾಡಿ ಎಳೆದಂತೆ ನಿಧಾನ. ವೇಗವನ್ನೇ ಹಾರ್ಡ್‌ಕೋರ್ ಎಂದುಕೊಂಡಿದ್ದ ಅಭಿಮಾನಿಗಳು ರೇಗಿದರು. ಆದರೆ ಮುಂದೆ ಸಿಯಾಟಲ್ ಕಡೆಯಿಂದ ಬಂದ ಗ್ರಂಜ್ ಸಂಗೀತದ ಬೇರುಗಳಲ್ಲಿ ಈ ಮಗ್ಗುಲೂ ಒಂದು. ಅಭಿಮಾನಿಗಳ ಬಯಕೆಗೆ ತಲೆಬಾಗದೆ ಹೋಗುವ ಈ ಹಟ ಇಲ್ಲದಿದ್ದರೆ ತಂಡವೇ ಇರುತ್ತಿರಲಿಲ್ಲ. ಅದೇ ಹಟ ಪಕ್ಕದಲ್ಲಿದ್ದವರನ್ನೂ ಉಳಿಸಲಿಲ್ಲ.

ಡುಕೌಸ್ಕಿಯ ಜಾಗಕ್ಕೆ ಬಂದವಳು ಕಿರಾ ರೋಸ್ಲರ್. ಗಂಡಸರ ಗದ್ದಲದ ನಡುವೆ, ಕಾಲೇಜು ಓದಿಕೊಂಡೇ ಬಾಸ್ ನುಡಿಸಿದವಳು. 1985ರಲ್ಲಿ ಆಕೆಯನ್ನು ತೆಗೆದರು. ಆಕೆ ಸಿನಿಮಾ ಧ್ವನಿ ಸಂಕಲನದಲ್ಲಿ ಹೊಸ ಬದುಕು ಕಟ್ಟಿಕೊಂಡಳು. ಅದೇ ವರ್ಷ ಸ್ಟೀವನ್‌ಸನ್ನೂ ಹೋದ. ಹೆಸರು ಕೊಟ್ಟು ಪಟ್ಟೆ ಬರೆದ ತಮ್ಮ ಪೆಟಿಬಾನ್ ಕೂಡ ಚಿತ್ರಗಳ ಬಳಕೆಯ ವಿಷಯದಲ್ಲಿ ಮುನಿಸಿಕೊಂಡು ದೂರವಾದ. ಆತ ಇಂದು ಲೋಕವಿಖ್ಯಾತ ಚಿತ್ರಕಾರ. 1986ರ ಜೂನ್ 27ರಂದು ಡೆಟ್ರಾಯಿಟ್‌ನಲ್ಲಿ ಕೊನೆಯ ಕಾರ್ಯಕ್ರಮ. ಆಗಸ್ಟಿನಲ್ಲಿ ಗಿನ್ ರೋಲಿನ್ಸ್‌ಗೆ ಫೋನು ಮಾಡಿ, ತಾನು ತಂಡ ಬಿಡುತ್ತಿದ್ದೇನೆ ಎಂದನಂತೆ. ತಂಡವೇ ನಿನ್ನದಲ್ಲವೇ ಎಂದು ರೋಲಿನ್ಸ್‌ಗೆ ಆಶ್ಚರ್ಯ. ಎಲ್ಲರನ್ನೂ ಕಳುಹಿಸಿದವನು ಕೊನೆಗೆ ತನ್ನನ್ನು ತಾನೇ ಕಳುಹಿಸಿಕೊಂಡ.

ಇಲ್ಲಿಗೆ ಮುಗಿದಿದ್ದರೆ ಇದೊಂದು ಮಾಮೂಲಿ ಕತೆ. 2013ರಲ್ಲಿ ಮತ್ತೆ ಶುರುವಾಯಿತು. ಮಾರಿಸ್, ಡುಕೌಸ್ಕಿ, ಸ್ಟೀವನ್‌ಸನ್, ಕಡೇನಾ, ಜತೆಗೆ ಹೊರಗಿನ ಒಬ್ಬ ಗಿಟಾರಿಸ್ಟ್ ಸೇರಿ ಹಳೆಯ ಹಾಡುಗಳನ್ನು ‘ಫ್ಲ್ಯಾಗ್’ ಎಂಬ ಹೆಸರಿನಲ್ಲಿ ಹಾಡಲು ಹೊರಟರು. ಅತ್ತ ಗಿನ್, ರೇಯೆಸ್‌ನನ್ನು ಮರಳಿ ಕರೆತಂದು ‘ಬ್ಲ್ಯಾಕ್ ಫ್ಲ್ಯಾಗ್’ ಎಂದೇ ಹೊರಟ. ಒಂದು ಬಾವುಟ ಹರಿದು ಎರಡಾಯಿತು. ಒಂದು ಕಡೆ ಜನ, ಇನ್ನೊಂದು ಕಡೆ ಹೆಸರು. ಗಿನ್ ಕೋರ್ಟಿಗೆ ಹೋದ. ಎರಡೂ ತಂಡಗಳ ಹೊರಗೆ ನಿಂತಿದ್ದ ರೋಲಿನ್ಸ್‌ನನ್ನೂ ಎಳೆದ. ಒಂದು ಕಾಲದಲ್ಲಿ ಇದೇ ಹೆಸರಿಗಾಗಿ ಜೈಲು ಕಂಡ ಇಬ್ಬರು ಈಗ ಎದುರು ಬದುರು! ಅಕ್ಟೋಬರಿನಲ್ಲಿ ನ್ಯಾಯಾಧೀಶರು ‘ಫ್ಲ್ಯಾಗ್’ನವರನ್ನು ತಡೆಯಲು ನಿರಾಕರಿಸಿದರು. ನವೆಂಬರಿನಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ, ಕಾರ್ಯಕ್ರಮದ ನಡುವೆಯೇ, ರೇಯೆಸ್‌ನ ಕೈಯಿಂದ ಮೈಕು ತೆಗೆದುಕೊಂಡು ಆತನನ್ನು ಕೆಳಗಿಳಿಸಿದರು. ಮೈಕು ಹಿಡಿದವನು ಸ್ಕೇಟ್‌ಬೋರ್ಡಿನ ಆಟಗಾರ ಮೈಕ್ ವಲೇಲಿ. 1980ರಲ್ಲಿ ತಾನಾಗಿ ವೇದಿಕೆ ಇಳಿದವನನ್ನು ಮೂವತ್ಮೂರು ವರ್ಷಗಳ ಮೇಲೆ ಕರೆತಂದು ಇಳಿಸಿದಂತಾಯಿತು.

2025ರಲ್ಲಿ ಗಿನ್ ಮೂವರು ಎಳೆಯರನ್ನು ಕಟ್ಟಿಕೊಂಡು ಮತ್ತೆ ಹೊರಟ. ಹಾಡುವವಳು ಒಬ್ಬ ತರುಣಿ. ಅದೇ ವರ್ಷದ ಮೇ ತಿಂಗಳಲ್ಲಿ ಹಳಬರ ‘ಫ್ಲ್ಯಾಗ್’ ಲಾಸ್ ವೇಗಸ್‌ನಲ್ಲಿ ಹಾಡಿತು. ಎಪ್ಪತ್ತರ ಹೊಸ್ತಿಲು ದಾಟಿದವರು ಇಬ್ಬರೂ ಬೇರೆ ಬೇರೆ ಮೂಲೆಗಳಲ್ಲಿ ಅದೇ ಹಾಡುಗಳನ್ನು ಹಿಡಿದು ನಿಂತಿದ್ದಾರೆ, ಗಿನ್ ಮತ್ತು ಆತನ ಮೊದಲ ಗಾಯಕ ಮಾರಿಸ್.

ಹಾಗಾದರೆ ಬಾವುಟ ಯಾರದು? ನಮ್ಮ ಮಟ್ಟಿಗೆ ಉತ್ತರ ಸಿಕ್ಕಿದ್ದು ಈ ಜಗಳಕ್ಕೆ ಹತ್ತು ವರ್ಷ ಮುಂಚಿನ ಒಂದು ಘಟನೆಯಲ್ಲಿ. ಆರ್ಕನ್ಸಾ ರಾಜ್ಯದ ವೆಸ್ಟ್ ಮೆಂಫಿಸ್ ಎಂಬ ಊರಿನಲ್ಲಿ 1993ರಲ್ಲಿ ಮೂವರು ಪುಟ್ಟ ಹುಡುಗರ ಕೊಲೆಯಾಯಿತು. ಮೂವರು ಹದಿಹರೆಯದವರನ್ನು ಹಿಡಿದು 1994ರಲ್ಲಿ ಶಿಕ್ಷೆ ವಿಧಿಸಿದರು, ಒಬ್ಬನಿಗೆ ಮರಣದಂಡನೆ. ಗಟ್ಟಿ ಸಾಕ್ಷ್ಯವಿರಲಿಲ್ಲ. ಅವರು ಕರಿ ಬಟ್ಟೆ ತೊಡುತ್ತಿದ್ದರು, ಹೆವಿ ಮೆಟಲ್ ಸಂಗೀತ ಕೇಳುತ್ತಿದ್ದರು ಎಂಬುದನ್ನೂ ಸೈತಾನನ ಆರಾಧನೆಗೆ ತಳಕು ಹಾಕಿ ವಿಚಾರಣೆಯಲ್ಲಿ ಅವರ ವಿರುದ್ಧ ಬಳಸಲಾಯಿತು. 2002ರಲ್ಲಿ ರೋಲಿನ್ಸ್, ಬ್ಲ್ಯಾಕ್ ಫ್ಲ್ಯಾಗ್‌ನ 24 ಹಾಡುಗಳನ್ನು ಬೇರೆ ಬೇರೆ ಗಾಯಕರಿಂದ ಹಾಡಿಸಿ ‘ರೈಸ್ ಅಬವ್’ ಎಂಬ ರೆಕಾರ್ಡು ತಂದ. ಅದರ ಹಣ ಆ ಮೂವರ ಕಾನೂನು ಹೋರಾಟಕ್ಕೆ. ಮರುವರ್ಷದ ತಿರುಗಾಟದಲ್ಲಿ ಮೊದಲ ಗಾಯಕ ಮಾರಿಸ್ ಮತ್ತು ನಾಲ್ಕನೆಯ ಗಾಯಕ ರೋಲಿನ್ಸ್ ಅದೇ ಹಾಡುಗಳನ್ನು ಒಂದೇ ವೇದಿಕೆಯಲ್ಲಿ ಹಾಡಿದರು. ತಂಡದ ಹೆಸರು ಬೇಕಾಗಲಿಲ್ಲ. 2011ರ ಆಗಸ್ಟಿನಲ್ಲಿ, ಹದಿನೆಂಟು ವರ್ಷ ಸೆರೆಯಲ್ಲಿ ಕಳೆದ ಮೇಲೆ, ಆ ಮೂವರು ಹೊರಬಂದರು. ಅದೂ ತಾವು ನಿರಪರಾಧಿಗಳೆಂದು ಹೇಳಿಕೊಳ್ಳುತ್ತಲೇ ಕಾಗದದ ಮೇಲೆ ತಪ್ಪೊಪ್ಪಿಕೊಳ್ಳುವ ವಿಚಿತ್ರ ಕರಾರಿನ ಮೇಲೆ.

ಕರಿ ಅಂಗಿ ತೊಟ್ಟದ್ದೂ ಒಂದು ಸಾಕ್ಷ್ಯವಾದ ಹುಡುಗರು! ನಮ್ಮ ತಂಗಿಯ ನಡುಗುವ ದನಿ ನೆನಪಾಯಿತು. ಅವಳಿಗೆ ಅಮೆರಿಕ ಗೊತ್ತಿಲ್ಲ, ಆರ್ಕನ್ಸಾ ಗೊತ್ತಿಲ್ಲ. ಆದರೆ ಬಟ್ಟೆಯೊಂದು ಸಾಕ್ಷ್ಯವಾಗಬಲ್ಲದೆಂಬುದು ಅವಳಿಗೆ ಗೊತ್ತು. ಅವಳ ಭಯ ಮೂಢತನವಲ್ಲ. ಹಾಗೆಂದು ಆ ಅಂಗಿ ಕಳಚಿಸಿದ್ದು ಸರಿಯೆನ್ನಲೂ ನಮ್ಮ ನಾಲಗೆ ಏಳುವುದಿಲ್ಲ. ಅಂಥ ಹುಡುಗರಿಗಾಗಿಯೇ ಆ ಹಾಡುಗಳು ಮತ್ತೊಮ್ಮೆ ಎದ್ದು ನಿಂತಿದ್ದವು.

ಹೆಸರನ್ನು ಹಿಡಿದುಕೊಂಡವನ ಬಳಿ ಹೆಸರು ಉಳಿಯುತ್ತದೆ. ಕೆಲಸ ಮಾತ್ರ ಬಿಟ್ಟು ಹೋದವರ ಕೈಯಲ್ಲೂ ಮುಂದುವರಿಯುತ್ತದೆ. ಗಿನ್ ಬರೆದ ಸಾಲುಗಳೇ ಗಿನ್ ಇಲ್ಲದೆ ಮೂವರು ಅಪರಿಚಿತರ ನೆರವಿಗೆ ಹೋದವು. ತಾನು ಕಟ್ಟಿದ್ದು ತನ್ನನ್ನು ಮೀರಿ ನಡೆದದ್ದಕ್ಕೆ ಆತ ಸಂತೋಷಪಡಬಹುದಿತ್ತು. ನಮಗೂ ಅದು ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ಏಕೆಂದರೆ ಹುಡುಗ ಬರುವ ಕೆಲವು ತಿಂಗಳ ಮುಂಚೆ ನಮ್ಮ ಆ ಹಳೆಯ ಮೂವರು ಗೆಳೆಯರಲ್ಲಿ ಒಬ್ಬರು ಫೋನು ಮಾಡಿದ್ದರು. ಈಗ ಮೇಷ್ಟ್ರಾಗಿದ್ದಾರೆ. ಪತ್ರಿಕೆಯ ಹೆಸರಿನಲ್ಲಿ ಹಳೆಯ, ಹೊಸ ಕತೆಗಳ ಒಂದು ಸಂಕಲನ ತರುವ ಯೋಚನೆಯಿದೆ ಎಂದಿದ್ದರು. ‘ಆ ಹೆಸರು ನಮ್ಮದು’ ಎಂದು ನಾವು ತಣ್ಣಗೆ ಹೇಳಿ ಫೋನಿಟ್ಟಿದ್ದೆವು.

ಪುಸ್ತಕ ಮುಗಿಸಿದ ರಾತ್ರಿ ಅವರಿಗೆ ಫೋನು ಮಾಡಿದೆವು. ಹೆಸರನ್ನು ನೀವೇ ಬಳಸಿಕೊಳ್ಳಿ, ಮೂಲಪ್ರತಿಗಳನ್ನೂ ಕಳಿಸುತ್ತೇವೆ ಎಂದೆವು. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವರು ನಕ್ಕು, ‘ನಾವು ಆಗಲೇ ಬೇರೆ ಹೆಸರು ಇಟ್ಟುಕೊಂಡಿದ್ದೇವೆ ಮಾರಾಯ. ಅಚ್ಚಿಗೆ ಹೋಗಲು ಇನ್ನೂ ಒಂದು ತಿಂಗಳಿದೆ. ಕತೆ ಇದ್ದರೆ ಕಳಿಸು. ಒಂದೇ ಸಾಕು, ನಾಲ್ಕು ಬೇಡ’ ಎಂದರು. ಆ ಕಾವ್ಯನಾಮಗಳ ಗುಟ್ಟು ಅವರಿಗೆ ಅಂದೇ ಗೊತ್ತಿತ್ತು!

ಕತೆ ಕಳಿಸಿದ್ದೇವೆ. ಅಂಗಿ ಇನ್ನೂ ಬೀರುವಿನಲ್ಲೇ ಇದೆ. ಈದ್‌ಗೆ ಹುಡುಗ ಬರುತ್ತಾನೆ. ತೊಡು ಎನ್ನುವ ಧೈರ್ಯ ನಮಗೆ ಇನ್ನೂ ಬಂದಿಲ್ಲ. ಬೇಡ ಎಂದು ಮಾತ್ರ ಈ ಸಲ ಹೇಳಲಾರೆವು.